ಓಟಕ್ಕಿಂತ ತಡೆ ದೊಡ್ಡದು

ಜಾತ್ರೆಯ ತೇರನ್ನೆಳೆಯಲು ಸಾವಿರಾರು ಕೈಗಳು ಮುಂದಾಗುತ್ತವೆ. ಹಗ್ಗವನ್ನು ಮುಟ್ಟಿದರೂ ಸಾಕು, ಪುನೀತರಾದೆವೆಂದು ಭಕ್ತರು ಭಾವಿಸುತ್ತಾರೆ. ಆದರೆ ಅದೇ ತೇರಿನ ಗಾಲಿಯ ಬದಿಯಲ್ಲಿ ಮರದ ತುಂಡನ್ನು ಹಿಡಿದು, ಮೈಯೆಲ್ಲ ಕಣ್ಣಾಗಿ ನಡೆಯುವ ನಾಲ್ಕಾರು ಮಂದಿಯನ್ನು ಗಮನಿಸುವವರು ವಿರಳ. ತೇರಿನ ವೇಗ ಹೆಚ್ಚಿದಾಗ ಗಾಲಿಗೆ ಆ ತುಂಡನ್ನು ಕೊಟ್ಟು ತಡೆಯುವವರು ಅವರೇ. ಅವರ ಕೈ ಒಮ್ಮೆ ತಪ್ಪಿದರೆ ಎಳೆದವರ ಉತ್ಸಾಹವೆಲ್ಲ ಆಕ್ರಂದನವಾಗಿ ಮಾರ್ಪಡುತ್ತದೆ. ಚಲಿಸುವುದಕ್ಕೆ ಬಲವಿದ್ದರೆ ಸಾಕು; ನಿಲ್ಲುವುದಕ್ಕೆ ಬಲದೊಡನೆ ಎಚ್ಚರವೂ ಬೇಕು. ಇಂದು ನಮ್ಮ ಮನೆಮನೆಯ ಅಂಗಳದಲ್ಲಿ ನಿಂತಿರುವ ಮೋಟಾರ್ ಸೈಕಲ್ಲಿಗೂ ಈ ಮಾತು ಅನ್ವಯಿಸುತ್ತದೆ.

ಹೊಸ ವಾಹನ ಕೊಳ್ಳುವಾಗ ನಮ್ಮ ತರುಣರು ಕೇಳುವ ಪ್ರಶ್ನೆಗಳನ್ನು ಗಮನಿಸಿರಿ. ಎಷ್ಟು ವೇಗವಾಗಿ ಓಡುತ್ತದೆ, ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಹೋಗುತ್ತದೆ, ಯಾವ ಬಣ್ಣದಲ್ಲಿ ದೊರೆಯುತ್ತದೆ ಎಂದು ಕೇಳುವರೇ ಹೊರತು, ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದೇ ಸೆಕೆಂಡಿನಲ್ಲಿ ಹೆಚ್ಚುಕಡಿಮೆ 17 ಮೀಟರ್ ದೂರ ಸಾಗಿಬಿಡುತ್ತದೆ. ವೇಗವು ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಇದು ಬ್ರೇಕು ಸರಿಯಾಗಿದ್ದಾಗಿನ ಲೆಕ್ಕ. ಬ್ರೇಕೇ ಕೈಕೊಟ್ಟರೆ ಲೆಕ್ಕ ಹಾಕಲು ಸಮಯವೆಲ್ಲಿ? ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಅಸುನೀಗಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದಕ್ಕೆಲ್ಲ ಬ್ರೇಕಿನ ದೋಷವೇ ಕಾರಣವೆನ್ನಲಾಗದು. ಅತಿವೇಗವೇ ಬಹುಪಾಲಿಗೆ ಕಾರಣ. ಆದರೆ ತಪ್ಪಿಸಬಹುದಾದ ಒಂದು ಸಾವನ್ನಾದರೂ ತಪ್ಪಿಸುವುದು ನಮ್ಮೆಲ್ಲರ ಕರ್ತವ್ಯವಲ್ಲವೇ?

ಕಾರ್ಖಾನೆಯಿಂದ ಹೊರಬಂದ ವಾಹನಗಳಲ್ಲಿ ಜೀವಾಪಾಯಕ್ಕೆ ಎಡೆಗೊಡುವ ದೋಷ ಕಂಡುಬಂದಾಗ, ತಯಾರಕರು ಅದನ್ನು ಬಹಿರಂಗವಾಗಿ ಸಾರಿ, ವಾಹನಗಳನ್ನು ಮರಳಿ ಕರೆಸಿಕೊಂಡು, ತಮ್ಮ ವೆಚ್ಚದಲ್ಲೇ ಸರಿಪಡಿಸಿಕೊಡುವ ಏರ್ಪಾಡಿಗೆ ರೀಕಾಲ್ ಎಂದು ಹೆಸರು. ಇದರ ಒಂದು ನಿದರ್ಶನವನ್ನು ನೋಡೋಣ. 2021ರ ಡಿಸೆಂಬರ್ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯು ತನ್ನ ಕ್ಲಾಸಿಕ್ 350 ಮಾದರಿಯ ಸುಮಾರು 26,300 ಮೋಟಾರ್ ಸೈಕಲ್ಲುಗಳನ್ನು ಮರಳಿ ಕರೆಯಿತು. ಅವು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಡಿಸೆಂಬರ್ 5ರ ವರೆಗೆ ತಯಾರಾದವು; ಹಿಂದಿನ ಗಾಲಿಗೆ ಡ್ರಮ್ ಬ್ರೇಕು ಇದ್ದವು. ದೋಷವಿದ್ದುದು ರಿಯಾಕ್ಷನ್ ಬ್ರಾಕೆಟ್ ಎಂಬ ಒಂದು ಚಿಕ್ಕ ಲೋಹದ ಭಾಗದಲ್ಲಿ.

ಈ ಚಿಕ್ಕ ಭಾಗದ ಕೆಲಸವೇನು? ನಾವು ಕಾಲಿನಿಂದ ಬ್ರೇಕನ್ನು ಒತ್ತಿದಾಗ, ಡ್ರಮ್ಮಿನೊಳಗಿರುವ ಎರಡು ಬ್ರೇಕ್ ಶೂಗಳು ಹಿಗ್ಗಿ, ತಿರುಗುವ ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ ಹಿಡಿಯುತ್ತವೆ. ಆಗ ತಿರುಗುತ್ತಿರುವ ಗಾಲಿಯು ಆ ಶೂಗಳನ್ನೂ ಅವು ಕೂತಿರುವ ತಟ್ಟೆಯನ್ನೂ ತನ್ನೊಡನೆ ತಿರುಗಿಸಲು ಎಳೆಯುತ್ತದೆ. ಹಾಗೆ ತಿರುಗದಂತೆ ಆ ಎಳೆತವನ್ನು ತಾಳಿಕೊಂಡು ನಿಲ್ಲಬೇಕಾದುದು ಈ ಬ್ರಾಕೆಟ್. ಎತ್ತನ್ನು ಕಟ್ಟಿದ ಹಗ್ಗ ಎಷ್ಟೇ ಗಟ್ಟಿಯಾಗಿರಲಿ, ನೆಲದಲ್ಲಿ ಹುಗಿದ ಗೂಟವೇ ಕಿತ್ತುಬಂದರೆ ಹಗ್ಗದಿಂದ ಫಲವೇನು? ಕಾಲಿನಿಂದ ಬ್ರೇಕನ್ನು ಅತಿ ಬಲವಾಗಿ ಒತ್ತಿದ ಸಂದರ್ಭದಲ್ಲಿ ಈ ಭಾಗಕ್ಕೆ ಹಾನಿಯಾಗಬಹುದು, ಬ್ರೇಕಿನಿಂದ ಅಸಹಜ ಸದ್ದು ಬರಬಹುದು, ಕ್ರಮೇಣ ಅದರ ಹಿಡಿತ ಕುಗ್ಗಬಹುದು ಎಂದು ಕಂಪನಿಯೇ ಪ್ರಕಟಿಸಿತು. ಬಲವಾಗಿ ಬ್ರೇಕು ಒತ್ತುವ ಗಳಿಗೆ ಯಾವುದು? ಎದುರಿಗೆ ಮಗುವೋ ದನವೋ ಅಡ್ಡಬಂದ ಗಳಿಗೆಯೇ ಅದು. ನಿತ್ಯದ ಓಡಾಟದಲ್ಲಿ ಸುಮ್ಮನಿದ್ದು, ಕಷ್ಟಕಾಲದಲ್ಲೇ ಕೈಬಿಡುವ ದೋಷವಿದು. ಆದ್ದರಿಂದಲೇ “ನನ್ನ ಗಾಡಿ ಚೆನ್ನಾಗಿಯೇ ಇದೆ, ಇಷ್ಟು ದಿನ ಏನೂ ಆಗಿಲ್ಲ” ಎಂಬ ಸಮಾಧಾನ ಇಲ್ಲಿ ಸಲ್ಲದು.

ಇದಕ್ಕೂ ಮುಂಚೆ, 2019ರ ಮೇ ತಿಂಗಳಲ್ಲಿ, ಇದೇ ಕಂಪನಿ ಸುಮಾರು 7,000 ಬುಲೆಟ್ ಮೋಟಾರ್ ಸೈಕಲ್ಲುಗಳನ್ನು ಮರಳಿ ಕರೆದಿತ್ತು. ಅಲ್ಲಿ ದೋಷವಿದ್ದುದು ಬ್ರೇಕಿನ ಕ್ಯಾಲಿಪರ್ ಬೋಲ್ಟಿನಲ್ಲಿ. ಹೊರಗಿನ ಸರಬರಾಜುದಾರರೊಬ್ಬರು ಪೂರೈಸಿದ್ದ ಆ ಬೋಲ್ಟುಗಳು ನಿಗದಿತ ಗುಣಮಟ್ಟದವಾಗಿರಲಿಲ್ಲ. ಬ್ರೇಕಿನ ದ್ರವವನ್ನು ತರುವ ಕೊಳವೆ ಕ್ಯಾಲಿಪರಿಗೆ ಸೇರುವೆಡೆಯಲ್ಲಿ ಇರುವ ಬೋಲ್ಟು ಅದು. ನೂರಾರು ಕಿಲೋ ಭಾರದ ವಾಹನ, ಅದರ ಮೇಲೆ ಕುಳಿತ ಗಂಡಹೆಂಡಿರು, ನಡುವೆ ಕೂತ ಕೂಸು, ಇಷ್ಟು ಜನರ ಕ್ಷೇಮವು ಬೆರಳುದ್ದದ ಒಂದು ಬೋಲ್ಟಿನ ಸತ್ಯವನ್ನು ಅವಲಂಬಿಸಿದೆ ಎಂದರೆ, ದುಡಿಮೆಯಲ್ಲಿ ಸಣ್ಣದು ದೊಡ್ಡದು ಎಂಬ ಭೇದವೇ ಇಲ್ಲವೆಂದಾಯಿತು.

ಇಂಥ ಸುದ್ದಿ ಬಂದಾಗ ಕಂಪನಿಯನ್ನು ಹಳಿಯುವುದು ಸುಲಭ. ನಾವು ಬೇರೊಂದು ದೃಷ್ಟಿಯಿಂದ ನೋಡಬಯಸುತ್ತೇವೆ. ದೋಷವಿಲ್ಲದ ಕೈ ಲೋಕದಲ್ಲಿಲ್ಲ. ದೋಷವನ್ನು ಮುಚ್ಚಿಟ್ಟು ಮಾರುವವನು ಒಬ್ಬ; “ನಾನು ಮಾಡಿದುದರಲ್ಲಿ ಕೊರತೆಯಿದೆ, ತನ್ನಿ, ಸರಿಪಡಿಸುತ್ತೇನೆ” ಎಂದು ಸಾರುವವನು ಇನ್ನೊಬ್ಬ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ಕಾನೂನೂ ಈ ಭೇದವನ್ನು ಗುರುತಿಸಿದೆ. 2012ರಲ್ಲಿ ವಾಹನ ತಯಾರಕರ ಒಕ್ಕೂಟವು ಸ್ವಯಂಪ್ರೇರಿತ ರೀಕಾಲಿನ ಪದ್ಧತಿಯನ್ನು ಆರಂಭಿಸಿತು. ಮುಂದೆ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾದಾಗ 110ಎ ಎಂಬ ಕಲಮನ್ನು ಸೇರಿಸಿ, ದೋಷಯುಕ್ತ ವಾಹನಗಳನ್ನು ಮರಳಿ ಪಡೆಯುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಲಾಯಿತು. ಹಾಗೆ ಆಜ್ಞೆಯಾದರೆ ತಯಾರಕರು ಪೂರ್ಣ ಬೆಲೆಯನ್ನು ಹಿಂತಿರುಗಿಸಬೇಕು, ಇಲ್ಲವೆ ಬದಲಿ ವಾಹನ ಕೊಡಬೇಕು, ಇಲ್ಲವೆ ದುರಸ್ತಿ ಮಾಡಿಕೊಡಬೇಕು, ದಂಡವನ್ನೂ ತೆರಬೇಕು. ಆದರೆ ತಯಾರಕರು ದೋಷವನ್ನು ತಾವೇ ಕಂಡುಕೊಂಡು, ಸರ್ಕಾರಕ್ಕೆ ತಿಳಿಸಿ, ತಾವಾಗಿಯೇ ವಾಹನಗಳನ್ನು ಮರಳಿ ಕರೆದರೆ ಆ ದಂಡವಿಲ್ಲ. ನಿಜವನ್ನು ನುಡಿದವನಿಗೆ ಕಾನೂನು ಕೊಟ್ಟ ಮರ್ಯಾದೆಯಿದು.

ಹಾಗೆಂದು ಹೊಣೆಯೆಲ್ಲ ತಯಾರಕರದೇ ಎಂದು ನಾವು ಕೈಕಟ್ಟಿ ಕೂರುವಂತಿಲ್ಲ. ಇದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಹಾರ್ಲೆ ಡೇವಿಡ್‌ಸನ್ ಕಂಪನಿಯ 2008ರಿಂದ 2011ರ ವರೆಗಿನ ಕೆಲವು ಮಾದರಿಗಳಲ್ಲಿ, ಎಬಿಎಸ್ ವ್ಯವಸ್ಥೆಯಿದ್ದರೂ ಬ್ರೇಕು ಇದ್ದಕ್ಕಿದ್ದಂತೆ ಕೆಲಸ ಮಾಡುತ್ತಿಲ್ಲವೆಂಬ ದೂರುಗಳು ಬಂದವು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2016ರಲ್ಲಿ ವಿಚಾರಣೆಗೆ ಕೈಹಾಕಿತು. 2018ರ ಫೆಬ್ರವರಿಯಲ್ಲಿ ಕಂಪನಿಯು ಅಮೆರಿಕದಲ್ಲಿ ಸುಮಾರು 1,75,000 ವಾಹನಗಳನ್ನು ಮರಳಿ ಕರೆಯಿತು. ಬ್ರೇಕಿನ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಕಂಪನಿ ಮೊದಲೇ ಸೂಚಿಸಿತ್ತು. ಹಾಗೆ ಬದಲಾಯಿಸದೆ ಬಿಟ್ಟಲ್ಲಿ ಒಳಗಿನ ಕವಾಟಗಳ ಮೇಲೆ ಕಿಟ್ಟ ಕಟ್ಟಿ ಬ್ರೇಕು ಕೆಲಸ ಮಾಡದಾಗುತ್ತಿತ್ತು. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಮುಚ್ಚಳ ಭದ್ರವಾಗಿದ್ದರೂ ಕಾಲಾಂತರದಲ್ಲಿ ಅದು ಕೆಡುತ್ತದೆ. ನಮ್ಮಲ್ಲಿ ಎಂಜಿನ್ನಿನ ಎಣ್ಣೆಯನ್ನು ನೆನಪಿಟ್ಟು ಬದಲಾಯಿಸುವವರಿದ್ದಾರೆ. ಬ್ರೇಕಿನ ದ್ರವಕ್ಕೂ ಆಯುಸ್ಸಿದೆಯೆಂದು ಬಲ್ಲವರು ಎಷ್ಟು ಮಂದಿ?

ರೀಕಾಲಿನ ಕರೆ ಎಲ್ಲರ ಮನೆಯನ್ನೂ ತಲುಪುವುದೆಂಬ ಭರವಸೆಯೂ ಇಲ್ಲ. ಕರೆ ಹೋಗುವುದು ಮೊದಲು ಕೊಂಡವನ ವಿಳಾಸಕ್ಕೆ, ಆತನ ದೂರವಾಣಿಗೆ. ನಮ್ಮ ಹಳ್ಳಿಗಳಲ್ಲಿ ವಾಹನ ಅಣ್ಣನ ಹೆಸರಿನಲ್ಲಿರುತ್ತದೆ, ಓಡಿಸುವವನು ತಮ್ಮ. ಅಣ್ಣನೋ ಬೆಂಗಳೂರು ಸೇರಿರುತ್ತಾನೆ. ಒಮ್ಮೆ ಮಾರಾಟವಾದ ವಾಹನ ಮೂರು ತಾಲ್ಲೂಕು ದಾಟಿ ನಾಲ್ಕನೆಯ ಒಡೆಯನ ಬಳಿ ಇರುತ್ತದೆ. ಕಾಗದ ಬಂದರೂ, ಜಾಹೀರಾತೆಂದು ಬಗೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುವ ಮನೆಗಳಿವೆ. ಕೊಟ್ಟರೆ ಗಾಡಿ ಮರಳಿ ಬರುವುದೋ ಇಲ್ಲವೋ, ಹಣ ಕೇಳುವರೋ ಏನೋ ಎಂಬ ಅಂಜಿಕೆ ಕೆಲವರದು. ಇವೆರಡೂ ಅನವಶ್ಯಕ ಭಯ. ದೋಷದ ಭಾಗವನ್ನು ಪರೀಕ್ಷಿಸಿ, ಬೇಕಾದರೆ ಬದಲಿಸಿ, ಹಣ ಪಡೆಯದೆ ವಾಹನವನ್ನು ಹಿಂತಿರುಗಿಸುತ್ತಾರೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಕೆಲವು ವಿನಂತಿಗಳಿವೆ. ನಿಮ್ಮ ವಾಹನದ ನೋಂದಣಿ ಪತ್ರದಲ್ಲಿ ಚಾಸಿ ನಂಬರು ನಮೂದಾಗಿರುತ್ತದೆ. ಅದನ್ನು ಬರೆದುಕೊಂಡು ಅಧಿಕೃತ ಮಾರಾಟಗಾರರಲ್ಲಿ ಕೊಟ್ಟು, ಈ ವಾಹನಕ್ಕೆ ರೀಕಾಲ್ ಬಾಕಿಯಿದೆಯೇ ಎಂದು ಕೇಳಿರಿ. ಹಳೆಯ ವಾಹನ ಕೊಳ್ಳುವಾಗ ಬಣ್ಣ ನೋಡುವ ಮುನ್ನ ಈ ಪ್ರಶ್ನೆ ಕೇಳಿರಿ. ನಿಮ್ಮ ವಾಹನವನ್ನು ಮಾರುವಾಗ ಬಂದಿದ್ದ ಕಾಗದವನ್ನು ಕೊಳ್ಳುವವನ ಕೈಗೆ ಕೊಡಿರಿ. ಬಚ್ಚಿಟ್ಟು ಮಾರಿದರೆ ಅದು ವ್ಯಾಪಾರವಲ್ಲ, ವಂಚನೆ. ಬ್ರೇಕಿನಲ್ಲಿ ಹೊಸ ಸದ್ದು ಕೇಳಿದರೆ, ಹಿಡಿಕೆ ಮೆತ್ತಗಾದರೆ, ಕಾಲೊತ್ತು ಮೊದಲಿಗಿಂತ ಆಳಕ್ಕೆ ಇಳಿದರೆ, ಸುಗ್ಗಿ ಮುಗಿಯಲಿ, ಮದುವೆ ಕಳೆಯಲಿ ಎಂದು ಮುಂದೂಡಬೇಡಿರಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು.

ಮನೆಯ ಹಿರಿಯರಿಗೂ ತಾಯಂದಿರಿಗೂ ಒಂದು ಮಾತು. ಮಗನು ಗಾಡಿ ಹೊರತೆಗೆಯುವಾಗ “ನಿಧಾನವಾಗಿ ಹೋಗಪ್ಪ” ಎಂದು ನೀವು ಹೇಳುವುದು ರೂಢಿ. ಅದು ಒಳ್ಳೆಯ ಮಾತೇ. ಅದರೊಡನೆ “ಬ್ರೇಕು ತೋರಿಸಿದೆಯಾ?” ಎಂಬ ಪ್ರಶ್ನೆಯನ್ನೂ ಸೇರಿಸಿರಿ. ಅವನು ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ. ಸಂಜೆಗೆ ಮನೆ ಸೇರಿದರೆ ಸಾಕು.