ಹಳೆಯ ರೇಡಿಯೋದ ಬೆಲೆ

ಹಳೆಯ ವಸ್ತುವನ್ನು ಮಾರುವುದು ಪಾಪವಲ್ಲ. ಆದರೆ ಮಾರುವಾಗ ಆಡುವ ಮಾತು ಎಂಥದಿರಬೇಕೆಂಬುದನ್ನು ನಾವು ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ. ಕನ್ನಡವನ್ನು ಕಲಿಸಿ ಹೊಟ್ಟೆ ಹೊರೆಯುವ ನಾನೇ ಈ ವಿಷಯದಲ್ಲಿ ಜಾರಿದವನಾದ್ದರಿಂದ, ಇದನ್ನು ಕುರಿತು ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ.

ಹುಲಗೋಳದ ನಮ್ಮ ಮನೆಯ ಜಗಲಿಯಲ್ಲಿ ಅಜ್ಜನ ಕಾಲದ ವಾಲ್ವು ರೇಡಿಯೋ ಒಂದಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ನಿಲಯ ಇಲ್ಲಿಗೆ ದೂರದ ಮಾತು. 1950ರ ಜನವರಿ 8ರಂದು ಧಾರವಾಡದ ನಿಲಯ ಆರಂಭವಾದ ಮೇಲೆ ಘಟ್ಟದ ಮೇಲಿನ ಈ ಅಡಕೆಯ ಸೀಮೆಗೆ ಕನ್ನಡದ ದನಿ ಹತ್ತಿರವಾಯಿತು. ಆಗ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕಿತ್ತು; ವರ್ಷವರ್ಷವೂ ಅಂಚೆಕಚೇರಿಯಲ್ಲಿ ಶುಲ್ಕ ತುಂಬಬೇಕಾಗುತ್ತಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಅಜ್ಜನೂ ತೀರಿಕೊಂಡ. ರೇಡಿಯೋ ಮಾತ್ರ ಮೂಕವಾಗಿ ಉಳಿಯಿತು.

ಕಳೆದ ಬೇಸಗೆಯಲ್ಲಿ ಮನೆಯ ಮಾಡನ್ನು ದುರಸ್ತಿ ಮಾಡಿಸುವಾಗ ಅದನ್ನು ಮಾರಲು ನಿಶ್ಚಯಿಸಿದೆವು. ಜಾಹೀರಾತನ್ನು ಬರೆದವನು ನಾನು: “ಪುರಾತನ ರೇಡಿಯೋ, ಸುಸ್ಥಿತಿಯಲ್ಲಿದೆ.” 60 ವರ್ಷದ ವಸ್ತು ಹಳೆಯದೇ ಹೊರತು ಪುರಾತನವಲ್ಲ. ಸುಸ್ಥಿತಿಯಾದರೋ ಮರದ ಪೆಟ್ಟಿಗೆಯ ಮಟ್ಟಿಗೆ ಮಾತ್ರ ನಿಜ. ಪಟ್ಟಣದಿಂದ ಒಬ್ಬರು ಬಂದು ನೋಡಿ, 8,000 ರೂಪಾಯಿಗೆ ಒಪ್ಪಿ, ಮುಂಗಡ ಕೊಟ್ಟು ಹೋದರು. ಅದು ಹಾಡುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಂಜೆ ಆಯಿ ಕೇಳಿದಳು: “ತಮಾ, ಅದು ಹಾಡ್ತಿಲ್ಲೆ ಹೇಳಿ ಹೇಳಿದ್ಯ?”

“ಅವರು ಕೇಳಿದ್ದಿಲ್ಲೆ” ಎಂದೆ. ಅವಳು ಮತ್ತೇನನ್ನೂ ಆಡದೆ ಒಳಗೆ ಹೋದಳು.

ಕೊಳ್ಳುವವನೇ ನೋಡಿಕೊಳ್ಳಬೇಕೆಂಬುದು ವ್ಯಾಪಾರದ ನ್ಯಾಯವೆಂದು ಕೆಲವರು ಹೇಳಬಹುದು. ಹಲ್ಲು ನೋಡಿ ಎತ್ತನ್ನು ಕೊಳ್ಳುವಲ್ಲಿ ಈ ನ್ಯಾಯ ಸಲ್ಲುತ್ತದೆ. ಹಲ್ಲು ಇಬ್ಬರಿಗೂ ಕಾಣುತ್ತದೆ. ರೇಡಿಯೋದ ಒಡಲೊಳಗಿನದು ಹಾಗೆ ಕಾಣುವುದಿಲ್ಲ. ಮಲೆನಾಡಿನ ಮಳೆಗಾಲದ ತೇವಕ್ಕೆ ಅದರ ಕಾಗದದ ಕಂಡೆನ್ಸರುಗಳು ಕೆಡುತ್ತವೆ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತನ್ನು ಹರಿಸಿದರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ವಿದ್ಯುತ್ತಿನಿಂದ ನಡೆಯುವ ವಾಲ್ವು ರೇಡಿಯೋಗಳ ಒಳಗೆ 200 ವೋಲ್ಟಿಗೂ ಮಿಕ್ಕ ಒತ್ತಡವಿರುವುದು ಸಾಮಾನ್ಯ. ಅರಿಯದೆ ಮುಟ್ಟಿದವನ ಜೀವಕ್ಕೇ ಅಪಾಯ. ಇಷ್ಟನ್ನು ತಿಳಿದವನು ಬಾಯಿ ಮುಚ್ಚಿಕೊಂಡಿದ್ದರೆ ಅದು ಜಾಣತನವಲ್ಲ, ವಂಚನೆ.

ಮರುದಿನ ಬೆಳಗ್ಗೆ ಫೋನು ಮಾಡಿ ಎಲ್ಲವನ್ನೂ ತಿಳಿಸಿದೆ. ದುರಸ್ತಿ ಬಲ್ಲವರಿಗೆ ತೋರಿಸದೆ ವಿದ್ಯುತ್ತಿಗೆ ಜೋಡಿಸಬೇಡಿರೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದುರಸ್ತಿಯ ಖರ್ಚನ್ನು ಕಳೆದು 5,000 ಕೊಡುವೆನೆಂದರು. ಒಪ್ಪಿಕೊಂಡೆ. 3,000 ರೂಪಾಯಿ ಕಳೆದುಕೊಂಡೆಯೆಂದು ಮಿತ್ರರು ಮರುಗಿದರು. ಆ ಹಣ ನನ್ನದಾಗಿದ್ದರಲ್ಲವೇ ಕಳೆದುಕೊಳ್ಳುವುದು?

ಇದು ರೇಡಿಯೋಗಷ್ಟೇ ಸಂಬಂಧಿಸಿದ ಮಾತಲ್ಲ. ಬೇಡಿದವರಿಗೆಲ್ಲ ನಾವು ಬರೆದುಕೊಡುವ ಮುನ್ನುಡಿಗಳನ್ನೂ ಶಿಫಾರಸು ಪತ್ರಗಳನ್ನೂ ಒಮ್ಮೆ ತೆರೆದು ನೋಡಬೇಕು. ಅಲ್ಲಿ ಪ್ರತಿಯೊಂದು ಕವನಸಂಕಲನವೂ ಅಪೂರ್ವ, ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರತಿಭಾವಂತ. ದಾಕ್ಷಿಣ್ಯಕ್ಕೆ ಬರೆದ ಇಂಥ ವಿಶೇಷಣಗಳನ್ನು ನಂಬಿ ಪುಸ್ತಕ ಕೊಳ್ಳುವವನಿಗೂ, ಕೆಲಸ ಕೊಡುವವನಿಗೂ ನಾವು ಮೂಕ ರೇಡಿಯೋವನ್ನೇ ದಾಟಿಸುತ್ತಿದ್ದೇವೆ. ಮೋಸಹೋದವನು ಮುಂದೆ ನಿಜವಾಗಿಯೂ ಅಪೂರ್ವವಾದುದನ್ನು ಅಪೂರ್ವವೆಂದರೆ ನಂಬಲಾರ. ಭಾಷೆಯ ಬೋಧಕರಾದ ನಮಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದು?

ರೇಡಿಯೋವನ್ನು ಒಯ್ಯಲು ಬಂದ ದಿನ ಆಯಿ ಅದರ ಧೂಳು ಒರೆಸಿ, ಅವರಿಗೆ ಚಹ ಮಾಡಿಕೊಟ್ಟಳು. ಪರವಾನಗಿಯ ಹಳೆಯ ಪುಸ್ತಕವನ್ನು ಮಾತ್ರ ಕೊಡಲಿಲ್ಲ. ಅದು ಮಾರುವುದಕ್ಕಲ್ಲವೆಂದು ಮೊದಲೇ ಹೇಳಿದ್ದೆವು.