ನೆಲವಿಲ್ಲದವರ ಹೊಲ

ಮಣ್ಣಿಲ್ಲದ ಬೇಸಾಯ ತಮ್ಮದೇ ಶೋಧವೆಂಬಂತೆ ನಗರದ ಬಂಡವಾಳಗಾರರು ಸಾರುತ್ತಿದ್ದಾರೆ. ಪಂಪು, ದೀಪ, ಲವಣದ ನೀರಿನಿಂದ ಬೆಳೆದ ಅವರ ಸೊಪ್ಪು ಕೂಲಿಕಾರನ ಕೈಗೆ ಎಟುಕದು. ಬಾಂಗ್ಲಾದೇಶದ ಗೋಪಾಲಗಂಜ್, ಪಿರೋಜ್‌ಪುರ ಜಿಲ್ಲೆಗಳ ಬಡ ರೈತರು ತಲೆಮಾರುಗಳಿಂದ ಮಾಡುತ್ತಿರುವುದನ್ನು ನೋಡಿರಿ. ಮಳೆಗಾಲದಲ್ಲಿ ಹೊಲ ಮುಳುಗಿದಾಗ ಅಂತರಗಂಗೆ ಕಳೆಯನ್ನು ಒಟ್ಟಿ, ತುಳಿದು, ತೇಲುವ ಮಡಿ ಕಟ್ಟುತ್ತಾರೆ. ಬೀಜವಿಡುವ ಗೊಬ್ಬರದುಂಡೆಗಳನ್ನು ಹೆಂಗಸರು ಮನೆಯಲ್ಲೇ ಮಾಡುತ್ತಾರೆ. ಈ ದುಡಿಮೆಗೆ ಲೆಕ್ಕ ಬರೆಯುವವರಿಲ್ಲ. ಬೆಂಡೆ, ಸೋರೆ, ಅರಿಸಿನ ಬೆಳೆದು ನೀರಿಳಿದ ಮೇಲೆ ಕೊಳೆತ ಮಡಿಯೇ ಹೊಲಕ್ಕೆ ಗೊಬ್ಬರ.

2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಕೃಷಿ ಪರಂಪರೆಯೆಂದು ಮನ್ನಿಸಿತು. ಸಂತೋಷ. ಆದರೆ ಉಳುವವನಿಗೆ ಭೂಮಿ ಎನ್ನುವ ನಾವು ನೀರನ್ನೂ ಸೇರಿಸಿ ಕೇಳಬೇಕಾಗಿದೆ. ಅಲ್ಲಿ ಸರಕಾರಿ ಕೆರೆ, ಜೌಗುಗಳು ಗುತ್ತಿಗೆಗೆ ಹೋಗುತ್ತವೆ. ನೆಲವಿಲ್ಲದ ಬಡವ ತನ್ನ ಮಡಿಯನ್ನು ಎಲ್ಲಿ ತೇಲಿಸಬೇಕು?