ಮಜೂರಿಯ ಲೆಕ್ಕಕ್ಕೆ ಯಾವ ಭಾಷೆ?

ಬೆಟಗೇರಿಯಂಥ ನೇಕಾರರ ಊರಿನಲ್ಲಿ ಮಗ್ಗದ ಲೆಕ್ಕವು ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುವದುಂಟು. ಯಾರಿಗೆ ಎಷ್ಟು ನೂಲು ಕೊಟ್ಟಿದೆ, ಎಷ್ಟು ಸೀರೆ ಬಂದವು, ಮುಂಗಡ ಕಳೆದು ಮಜೂರಿ ಎಷ್ಟು ಎಂಬಿದನ್ನೆಲ್ಲ ಕಿರ್ದಿಯ ಬದಲು ಎಕ್ಸೆಲ್ ಹಾಳೆಯಲ್ಲಿ ಬರೆಯುವವರು ಈಗ ಇದ್ದಾರೆ. ವಾರವಾರವೂ ಅದೇ ಕೂಡಿಸಿ ಕಳೆಯುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಲು ಯಾವ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಬೇಕೆಂಬುದು ಅವರ ಪ್ರಶ್ನೆಯು. ಯಂತ್ರಕ್ಕೆ ಅಪ್ಪಣೆ ಬರೆದುಕೊಡುವದು ನೇಕಾರಿಕೆಗೆ ಹೊಸದಲ್ಲ. ಫ್ರಾನ್ಸಿನ ಜಕಾರ್ಡನು 1804ರ ಸುಮಾರಿಗೇ ತೂತುಳ್ಳ ರಟ್ಟಿನ ಪಟ್ಟಿಗಳಿಂದ ಮಗ್ಗಕ್ಕೆ ನಕ್ಷೆಯನ್ನು ಕಲಿಸಿದ್ದನು.

ಎಕ್ಸೆಲ್ಲಿನೊಳಗೇ ವಿ.ಬಿ.ಎ. ಎಂಬ ಭಾಷೆಯು 1993ರಿಂದ ಇದೆ. ನಾವು ಕೈಯಿಂದ ಮಾಡಿದ ಕೆಲಸವನ್ನು ತಾನೇ ಅಪ್ಪಣೆಯಾಗಿ ಬರೆದುಕೊಳ್ಳುವ ಸೌಕರ್ಯವು ಅದರಲ್ಲುಂಟು. ಒಂದೇ ಹಾಳೆ, ಒಂದೇ ಕಂಪ್ಯೂಟರ್ ಇದ್ದ ಮನೆಗೆ ಅದು ಸಾಕು. ಆದರೆ ಕನ್ನಡದಲ್ಲಿ ಲೆಕ್ಕವಿಡುವವರಿಗೆ ಅದರಲ್ಲೊಂದು ತೊಡಕಿದೆ. ಅಪ್ಪಣೆಯನ್ನು ಬರೆಯುವ ಪುಟದಲ್ಲಿ ‘ಮುಂಗಡ’ ಎಂದು ಬರೆದರೆ ಅದು ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗುವದು. ಆ ಚಿಹ್ನೆಗಳು ಹಾಳೆಯ ‘ಮುಂಗಡ’ಕ್ಕೆ ಹೊಂದವು; ಯಂತ್ರವು ಚಕಾರವೆತ್ತದೆ ಮುಂಗಡವನ್ನು ಕಳೆಯದೆಯೇ ಮಜೂರಿಯನ್ನು ಹೇಳಿಬಿಡುವದು! ಆ ಶಬ್ದವನ್ನು ಹಾಳೆಯ ಒಂದು ಮನೆಯಲ್ಲಿ ಬರೆದಿಟ್ಟು, ಅಲ್ಲಿಂದಲೇ ಓದಿಸಿದರೆ ಈ ತೊಡಕು ತಪ್ಪುವದು.

ನೆದರ್ಲೆಂಡ್ಸಿನ ಗೀಡೊ ವ್ಯಾನ್ ರಾಸಮ್ ಎಂಬವರು 1991ರಲ್ಲಿ ಹೊರತಂದ ಪೈಥಾನ್ ಭಾಷೆಗೆ, 2008ರ ಮೂರನೆಯ ಆವೃತ್ತಿಯಿಂದೀಚೆಗೆ, ಕನ್ನಡ ಅಕ್ಷರವು ಪರಕೀಯವಲ್ಲ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಹತ್ತಾರು ಹಾಳೆಗಳನ್ನು ಒಟ್ಟುಗೂಡಿಸುವ ಕೆಲಸವಿದ್ದರಂತೂ ನಾವು ಇದನ್ನೇ ಹೇಳುವೆವು. ಕಲಿಯಲು ಕೆಲವು ವಾರಗಳ ತಾಳ್ಮೆ ಮಾತ್ರ ಬೇಕು. ಓಪನ್‌ಪೈಎಕ್ಸೆಲ್ ಎಂಬ ಸಲಕರಣೆಯಿಂದ ಅದು ಎಕ್ಸೆಲ್ ಹಾಳೆಯನ್ನು ಓದುವದು, ಬರೆಯುವದು. ಆದರೆ ಹಾಳೆಯ ಸೂತ್ರಗಳನ್ನು ಆ ಸಲಕರಣೆಯು ತಾನೇ ಬಿಡಿಸದು; ಉತ್ತರವು ಬೇಕಾದರೆ ಎಕ್ಸೆಲ್ಲಿನಲ್ಲಿ ತೆರೆಯಬೇಕು, ಇಲ್ಲವೆ ಲೆಕ್ಕವನ್ನು ಪೈಥಾನಿನಲ್ಲಿಯೇ ಮಾಡಿಸಬೇಕು. ಗೂಗಲ್ ಹಾಳೆಯಲ್ಲಿ ಬರೆಯುವವರಿಗೆ ಅದರದೇ ಆದ ಆ್ಯಪ್ಸ್ ಸ್ಕ್ರಿಪ್ಟ್ ಇದೆ. ಅದು ಜಾವಾಸ್ಕ್ರಿಪ್ಟಿನ ಮನೆತನದ್ದು.

ನುಡಿಯ ಹಳೆಯ ಅಕ್ಷರಗಳಲ್ಲಿ ಹೆಸರುಗಳನ್ನು ಬರೆದಿಟ್ಟವರು ಮೊದಲು ಅವನ್ನು ಯೂನಿಕೋಡಿಗೆ ಮಾರ್ಪಡಿಸಿಕೊಳ್ಳಬೇಕು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಅರ್ಥವಿಲ್ಲದ ಬೇರೆ ಅಕ್ಷರಗಳೇ.

ಮನೆಯ ಹುಡುಗನೊಬ್ಬನು ಬರೆದುಕೊಟ್ಟು ಬೆಂಗಳೂರಿಗೆ ಹೋದರೆ, ಮುಂದೆ ಅದನ್ನು ತಿದ್ದುವವರು ಯಾರೆಂಬುದನ್ನೂ ಭಾಷೆಯನ್ನು ಆರಿಸುವಾಗಲೇ ವಿಚಾರಿಸಿರಿ. ನಿಮ್ಮ ಓಣಿಯಲ್ಲಿ ಬಲ್ಲವರಿರುವ ಭಾಷೆಗೆ ಇತರ ಗುಣಗಳು ಕೊಂಚ ಕಡಿಮೆಯಾದರೂ ನಡೆದೀತು.

ಅಪ್ಪಣೆಯನ್ನು ನಡೆಸುವ ಮುಂಚೆ ಹಾಳೆಯ ಪ್ರತಿಯನ್ನು ತೆಗೆದಿಡಿರಿ, ವಿ.ಬಿ.ಎ. ಮಾಡಿದ ಬದಲಾವಣೆಯನ್ನು ಎಕ್ಸೆಲ್ಲು ಸಾಮಾನ್ಯವಾಗಿ ಹಿಂದೆಗೆಯಲಾರದು. ಹಳೆಯ ಒಂದು ವಾರದ ಮಜೂರಿಯನ್ನು ಕಿರ್ದಿಯೊಡನೆ ತಾಳೆ ನೋಡಿ, ಪೈಸೆಗೆ ಪೈಸೆ ಕೂಡಿದ ಮೇಲೆಯೇ ನೇಕಾರರ ಕೈಗೆ ಹಣವನ್ನು ಎಣಿಸಿರಿ.